ಎರ್ರಮ್ಮನ ಸೈಟಿನ ಅಳತೆ

ಬಿ.ಜಿ. ಕೆರೆ ಬಳಿ ನಾನು ಖಾಲಿ ಜಮೀನನ್ನು ಸಗಟಾಗಿ ಕೊಂಡು, ಸೈಟು ಮಾಡಿ ಕಂತಿನಲ್ಲಿ ಮಾರುತ್ತೇನೆ. ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದವಳು ನನ್ನ ಹೆಂಡತಿ ತಿಪ್ಪಮ್ಮ. ಅವಳು ಶಿವನ ಪಾದ ಸೇರಿ ಮೂರು ತಿಂಗಳಾಗಿತ್ತು.

ಕಡೆಯ ಕಂತು ಕಟ್ಟಿದ, ಸೀರೆ ನೇಯುವ ಎರ್ರಮ್ಮನಿಗೆ ಸೈಟು ಅಳೆದುಕೊಡಲು ಮಧ್ಯಾಹ್ನ ಒಬ್ಬನೇ ಹೋದೆ.

“ಮಗ್ಗ ಹಾಕಾಕೆ ಒಂದಡಿ ಕಮ್ಮಿ ಬೀಳ್ತೈತೆ ಸಾಮಿ. ತಿಪ್ಪಮ್ಮಕ್ಕ ಬಿಡಿಸಿಕೊಡ್ತೀನಿ ಅಂದಿದ್ರು.”

“ಪಕ್ಕದೋರ ಜಾಗ ಕಿತ್ತು ಕೊಡ್ಲೇನಮ್ಮ? ನಿಮ್ಮಕ್ಕ ಎಲ್ಲಾರಿಗೂ ಹಂಗೇ ಅಂತಿದ್ಲು!”

ಟೇಪಿನ ತುದಿಯನ್ನು ಮೂಲೆಯ ಕಲ್ಲಿಗೆ ಸಿಕ್ಕಿಸಿ ಎರ್ರಮ್ಮನ ಜೊತೆ ನಡೆದೆ. ಆ ಕಡೆಯಿಂದ ಯಾರೋ ಮೆಲ್ಲಗೆ ಎರಡು ಸಲ ಜಗ್ಗಿದರು, ತಿಪ್ಪಮ್ಮ ಜಗ್ಗುತ್ತಿದ್ದ ಹಾಗೆಯೇ. ಸುಡುಬಿಸಿಲಿನಲ್ಲಿ ಟೇಪು ತಣ್ಣಗಿತ್ತು.

ಮೂವತ್ತಡಿಯ ಸೈಟು ಮೂವತ್ತೊಂದು ಬಂತು. ಕಲ್ಲುಗಳು ಕದಲಿರಲಿಲ್ಲ. ಶಿವನನ್ನು ನೆನೆಯುತ್ತ ಆ ಸಾಲಿನ ಎಲ್ಲ ಸೈಟುಗಳನ್ನೂ ರಸ್ತೆಯವರೆಗೆ ಅಳೆದೆ. ಯಾರದೂ ಒಂದಂಗುಲ ಕಡಿಮೆಯಾಗಿರಲಿಲ್ಲ.