ಅರವತ್ನಾಲ್ಕು ಮಕ್ಕಳ ಅರ್ಜಿ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೆಂಗಸರ ಸಂಘದ ಬರವಣಿಗೆ ನೋಡುವ ನಾಗಲಕ್ಷ್ಮಿ ಸಂಘದ ಬೀರು ತೆಗೆದಳು. ಕೆಳಗಿನ ಅರೆಯಲ್ಲಿ ಮಕ್ಕಳ ತೂಕದ ಯಂತ್ರ ಇತ್ತು. ನಡುವಿನ ಅರೆಯಲ್ಲಿ ಸಂಘದ ಟ್ಯಾಬ್ ಇತ್ತು. ಮೇಲಿನ ಅರೆ ಖಾಲಿ.

ಶನಿವಾರ ಸಂಜೆ ಅರ್ಜಿಗಳ ಕಟ್ಟನ್ನು ಅವಳೇ ಕೈಯಾರೆ ಅಲ್ಲಿ ಇಟ್ಟಿದ್ದಳು. ಅರವತ್ನಾಲ್ಕು ಮಕ್ಕಳ ಆರೋಗ್ಯ ವಿಮೆಯ ಅರ್ಜಿ. ಎಲ್ಲರೂ ಬ್ಯಾಡಗಿಯ ಗೋದಾಮುಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಮಕ್ಕಳು. ಬೇರೆ ಬೇರೆ ಊರಿಂದ ಬಂದ ಮನೆಗಳು. ರೇಷನ್ ಕಾರ್ಡಿನಲ್ಲಿ ಆ ಮಕ್ಕಳ ಹೆಸರಿರಲಿಲ್ಲ, ಹೀಗಾಗಿ ಸರ್ಕಾರಿ ಆರೋಗ್ಯ ಕಾರ್ಡೂ ಸಿಕ್ಕಿರಲಿಲ್ಲ. ಹೆಂಗಸರ ಸಂಘ ವರ್ಷವಿಡೀ ಓಡಾಡಿ ಒಂದು ವಿಮಾ ಕಂಪನಿಯನ್ನು ಒಪ್ಪಿಸಿತ್ತು. ಮೊದಲಿಂದ ಇದ್ದ ಕಾಯಿಲೆಗೂ ಸಲ್ಲುವ ವಿಮೆ ಅದು. ಆ ಸೋಮವಾರ ಸಂಜೆ ಐದರೊಳಗೆ ಅರ್ಜಿಗಳು ರಾಣೆಬೆನ್ನೂರಿನ ಕಚೇರಿ ಮುಟ್ಟಬೇಕಿತ್ತು. ತಪ್ಪಿದರೆ ಮುಂದಿನ ಸರದಿ ಎರಡು ತಿಂಗಳ ಮೇಲೆ.

ಕೋಣೆಯ ಬೀಗ ಒಡೆದಿರಲಿಲ್ಲ. ಬೀರುವಿನ ಕೀಲಿಕೈ ಯಾವತ್ತಿನಂತೆ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು.

ಸಂಘದ ಅಧ್ಯಕ್ಷೆ ಗದಿಗೆವ್ವ ಬಂದಳು, ಕೋಣೆಯೆಲ್ಲ ಹುಡುಕಿದಳು. ಮಧ್ಯಾಹ್ನದ ಹೊತ್ತಿಗೆ ಓಣಿಯ ತುಂಬ ಒಂದೇ ಮಾತು— ಅರ್ಜಿ ಬರೆದವಳೂ ನಾಗಲಕ್ಷ್ಮಿ, ಕೋಣೆಯ ಕೀಲಿ ಇದ್ದದ್ದೂ ಅವಳ ಹತ್ತಿರ. ವಿಷಯ ತಿಳಿಯಾಗುವ ತನಕ ಮನೆಯಲ್ಲಿರು ಎಂದು ಗದಿಗೆವ್ವ ಮುಖ ನೋಡದೆ ಹೇಳಿದಳು. ಅರ್ಜಿಗಳನ್ನು ಮತ್ತೆ ಬರೆಯುವ ಕೆಲಸ ಸಂಘದಲ್ಲಿ ಕೆಲಸ ಕಲಿಯುತ್ತಿದ್ದ ಕಾವ್ಯಾ ಎಂಬ ಹುಡುಗಿಗೆ ಹೋಯಿತು.

ಇಪ್ಪತ್ತಾರನೇ ದಿನ ಸುಮಯ್ಯಾ ತೀರಿಕೊಂಡಳು.

ಐದು ವರ್ಷದ ಕೂಸು. ಹೃದಯದಲ್ಲಿ ತೂತು. ಹುಬ್ಬಳ್ಳಿಯಲ್ಲಿ ಆಪರೇಶನ್ನಿಗೆ ದಿನ ಗೊತ್ತಾಗಿತ್ತು. ವಿಮೆಯ ಕಾರ್ಡು ಇಲ್ಲವೆಂದು ಆ ದಿನ ಮುಂದೆ ಹೋಯಿತು. ಅಷ್ಟರಲ್ಲಿ ಜ್ವರ ಬಂತು, ಜ್ವರ ಎದೆಗಿಳಿಯಿತು. ಹಾವೇರಿ ಆಸ್ಪತ್ರೆಯಿಂದ ಅವಳ ತಾಯಿ ರಮಜಾನಬಿ ಕೂಸನ್ನು ಮಡಿಲಲ್ಲೇ ಹೊತ್ತು ತಂದಳು. ಆ ರಾತ್ರಿಯೆಲ್ಲ ರಮಜಾನಬಿಯನ್ನು ಅಪ್ಪಿ ಕೂತವಳು ಪಕ್ಕದ ಮನೆಯ ಉಚ್ಚಂಗೆವ್ವ. ಗೋದಾಮಿನ ಕೆಲಸದ ಜೊತೆಗೆ ಭಾನುವಾರ ಸಂಘದ ಕೋಣೆಯ ಕಸ ಹೊಡೆಯುವ, ಮೊಮ್ಮಗನನ್ನು ಸಾಕಿಕೊಂಡಿರುವ ಮುದುಕಿ. ನಾಗಲಕ್ಷ್ಮಿ ಬಾಗಿಲ ತನಕ ಹೋಗಿ, ಒಳಗೆ ಕಾಲಿಡಲಾಗದೆ ಹಿಂದೆ ಬಂದಳು. ಅರ್ಜಿ ಬರೆಯುವಾಗ ಆ ಕೂಸು ಅವಳ ಪೆನ್ನು ಕಸಿದು ತನ್ನ ಅಂಗೈಯಲ್ಲಿ ಗೆರೆ ಎಳೆದುಕೊಂಡಿತ್ತು.

ಕೂಸಿನ ಮಣ್ಣು, ಫಾತಿಹಾ ಮುಗಿದ ಮೇಲೆ ರಮಜಾನಬಿ ನೆಟ್ಟಗೆ ಇಸಾಕಸಾಬರ ಮನೆಗೆ ಹೋದಳು. ಗುತ್ತಲ, ಹಾವೇರಿ ಠಾಣೆಗಳಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ಮನುಷ್ಯ. ಕೇಳಬೇಕಾದ್ದನ್ನು ಒಂದೇ ಸಲ ಕೇಳಿ, ಉತ್ತರ ಬರುವ ತನಕ ಸುಮ್ಮನಿರುವುದು ಅವರ ರೂಢಿ.

"ನನ್ನ ಮಗಳು ಹೊಳ್ಳಿ ಬರೂದಿಲ್ರಿ," ಎಂದಳು ರಮಜಾನಬಿ. "ಆದರ ಯಾರು ಒಯ್ದ್ರು, ಯಾಕ ಒಯ್ದ್ರು— ಅದು ನನಗ ಗೊತ್ತಾಗಬೇಕು."

ಇಸಾಕಸಾಬರು ಮೊದಲು ಬಂದದ್ದು ನಾಗಲಕ್ಷ್ಮಿಯ ಮನೆಗೇ. ಅವಳು ತನ್ನನ್ನು ಹಿಡಿಯಲಿಕ್ಕೇ ಬಂದರೆಂದು ಎದ್ದು ನಿಂತಳು.

"ಕುಂದ್ರ ತಂಗಿ. ಕಟ್ಟಿನಾಗ ಏನೇನಿತ್ತು?"

"ಒಂದೊಂದು ಕೂಸಿಗೆ ಎರಡು ಹಾಳಿ ಇದ್ದೂರಿ. ಒಂದರಾಗ ಹೆಸರು, ವಿಳಾಸ, ಫೋಟೋ. ಇನ್ನೊಂದು ಡಾಕ್ಟರ್ ಸಹಿ ಮಾಡಿದ್ದು— ಏನು ಬ್ಯಾನಿ ಐತಿ ಅಂತ ಬರದಿದ್ದು."

"ಎರಡೂ ಕೂಡಿಸಿ ಪಿನ್ ಹಾಕಿದ್ದಿ?"

"ಇಲ್ರಿ. ಕಂಪನಿಯವರು ಬ್ಯಾರೆ ಬ್ಯಾರೆ ಕೇಳಿದ್ರು. ಫೋಟೋ ಹಾಳಿ ಎಲ್ಲಾ ಮ್ಯಾಲೆ, ಡಾಕ್ಟರ್ ಹಾಳಿ ಎಲ್ಲಾ ಕೆಳಗ."

"ಫೋಟೋ ಹೆಂಗ ಹಚ್ಚಿದ್ದಿ?"

"ಗೋಂದು ಹಚ್ಚಿದ್ದೆ. ಉದುರಿದ್ರ ತಿಳೀಲಿ ಅಂತ ಬೆನ್ನಿಗೆ ಹಸರು ಪೆನ್ನಿನಿಂದ ನಂಬರ್ ಹಾಕಿದ್ದೆ."

ಅವರು ಎದ್ದು ಚಪ್ಪಲಿ ಮೆಟ್ಟಿದರು. ಆಮೇಲೆ, ನನ್ನ ಜೊತೆ ಬಾ ಎಂದರು.

ಓಣಿಯವರ ಅನುಮಾನ ಇನ್ನಿಬ್ಬರ ಮೇಲೂ ಇತ್ತು. ಒಬ್ಬ ದಾದಾಪೀರ, ಗೋದಾಮಿನ ಕೆಲಸಗಾರರ ಮುಕಾದಮ. ಅರ್ಜಿಯಲ್ಲಿ ಮಕ್ಕಳ ಜನ್ಮದಿನಾಂಕ ಬರೆದರೆ ತನ್ನಲ್ಲಿ ದುಡಿಯುವ ಇಬ್ಬರು ಎಳೆಯ ಹುಡುಗಿಯರ ವಯಸ್ಸು ಹೊರಬೀಳುತ್ತದೆಂದು ಅವನು ಮೊದಲೇ ಕಿರಿಕಿರಿ ಮಾಡಿದ್ದ. ಆದರೆ ಶನಿವಾರದಿಂದ ಸೋಮವಾರದ ತನಕ ಅವನು ಗುತ್ತಲದಲ್ಲಿ ತಂಗಿಯ ಮದುವೆಯಲ್ಲಿದ್ದ. ಮದುವೆಗೆ ಹೋದ ನಾಲ್ಕು ಮಂದಿ ಅದನ್ನೇ ಹೇಳಿದರು.

ಇನ್ನೊಬ್ಬ ಚನ್ನೇಶ, ಖಾಸಗಿ ಪಾಲಿಸಿ ಮಾರುವ ಏಜೆಂಟ. ಭಾನುವಾರ ಅವನು ಸಂಘದ ಕೋಣೆಗೆ ಬಂದದ್ದನ್ನು ಕಂಡವರಿದ್ದರು.

"ಹೋಗಿದ್ದೆ, ಖರೇ," ಎಂದ ಅವನು. "ಬಾಗಲಾ ತೆರದಿತ್ತು, ಕಾವ್ಯಾನ ಕೂಡ ಎರಡು ಮಾತಾಡಿ ಬಂದೆ. ಬೀರು ಮುಟ್ಟಿಲ್ಲ."

"ಏನು ಮಾತಾಡಿದಿ?"

ಚನ್ನೇಶ ತಲೆ ತಗ್ಗಿಸಿದ. ಆಮೇಲೆ ಬಾಯಿಬಿಟ್ಟ. ಪುಕ್ಕಟೆ ವಿಮೆ ಬಂದರೆ ತನ್ನ ಪಾಲಿಸಿ ಯಾರು ಕೊಳ್ಳುತ್ತಾರೆ ಎಂಬ ಸಿಟ್ಟಿನಲ್ಲಿ ಒಂದು ಸುಳ್ಳು ಹೇಳಿದ್ದನಂತೆ. ಕಂಪನಿಯವರು ಯಾವ ಕೂಸಿಗೆ ಯಾವ ಕಾಯಿಲೆ ಎಂಬುದನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತಾರೆ, ಊರೆಲ್ಲ ಓದುತ್ತದೆ ಎಂದು. ಕಾವ್ಯಾ ನಕ್ಕು ಬಿಟ್ಟಿದ್ದಳಂತೆ.

ಅಲ್ಲಿಂದ ಇಸಾಕಸಾಬರು ಸಂಘದ ಕೋಣೆಗೆ ನಡೆದರು. ಕಾವ್ಯಾ ಹೊಸದಾಗಿ ಬರೆದ ಅರ್ಜಿಗಳು ಬೀರುವಿನಲ್ಲಿದ್ದವು. ಆಕೆ ಫೋಟೋಗಳಿಗೆ ಗೋಂದು ಹಚ್ಚದೆ ಪಿನ್ ಹೊಡೆದಿದ್ದಳು. ಮನೆಯವರೆಲ್ಲ ಮಕ್ಕಳನ್ನು ಮತ್ತೆ ಸ್ಟುಡಿಯೋಕ್ಕೆ ಕರೆದೊಯ್ದು, ಗೊಣಗಿಕೊಂಡು ಹೊಸ ಫೋಟೋ ತಂದುಕೊಟ್ಟಿದ್ದರು. ಇಸಾಕಸಾಬರು ಕನ್ನಡಕ ಏರಿಸಿ ಒಂದೊಂದೇ ಫೋಟೋದ ಬೆನ್ನು ಎತ್ತಿ ನೋಡತೊಡಗಿದರು. ಬಿಳಿ. ಬಿಳಿ. ಬಿಳಿ.

ಒಂದರ ಹತ್ತಿರ ಕೈ ನಿಂತಿತು. ಅದರ ಬೆನ್ನು ಸುಕ್ಕಾಗಿತ್ತು. ಒಣಗಿದ ಗೋಂದಿಗೆ ಹರಿದ ಕಾಗದದ ಎಳೆ ಅಂಟಿತ್ತು. ಅದರ ನಡುವೆ ಹಸಿರು ಅಂಕಿಯಲ್ಲಿ— ನಲವತ್ತೊಂದು.

"ಇದು ನೀನು ಬರದದ್ದೇನು?"

ನಾಗಲಕ್ಷ್ಮಿ ಫೋಟೋ ತಿರುಗಿಸಿದಳು. ಮೈಲೇಶ. ಮೂರನೇ ಇಯತ್ತೆ. ಉಚ್ಚಂಗೆವ್ವನ ಮೊಮ್ಮಗ. ಹೊಸ ಡಾಕ್ಟರ್ ಹಾಳೆಗಳಲ್ಲಿ ಅವನದನ್ನು ಹುಡುಕಿದಳು. ಡಾಕ್ಟರ್ ಸಹಿ ಇನ್ನೂ ಬಿದ್ದಿರಲಿಲ್ಲ. ಕಾಯಿಲೆ ಎಂಬಲ್ಲಿ ಮುದುಕಿ ಹೇಳಿದಂತೆ ಕಾವ್ಯಾ ಬರೆದಿದ್ದಳು: ಇಲ್ಲ.

"ನಾನು ಹಿಂಗ ಬರದಿರಲಿಲ್ರಿ," ಎಂದಳು ನಾಗಲಕ್ಷ್ಮಿ. ಬಾಗಿಲು ಮುಚ್ಚಿ ಬಂದು, ದನಿ ತಗ್ಗಿಸಿ, ಯಾರಿಗೂ ಹೇಳುವುದಿಲ್ಲವೆಂದು ಆ ಮುದುಕಿಗೆ ಮಾತು ಕೊಟ್ಟಿದ್ದನ್ನು ಹೇಳಿದಳು. ಮೈಲೇಶನಿಗೆ ಹುಟ್ಟಿನಿಂದ ಎಚ್‌ಐವಿ. ತಾಯಿತಂದೆ ಇಬ್ಬರೂ ಅದರಲ್ಲೇ ಹೋದರು. ಅವರ ಊರು ಕುಪ್ಪೇಲೂರಿನಲ್ಲಿ ಸುದ್ದಿ ಹಬ್ಬಿದಾಗ ಈ ಮನೆಯವರನ್ನು ನಳದ ಹತ್ತಿರ ಬರಗೊಡಲಿಲ್ಲ. ಅದಕ್ಕೇ ಉಚ್ಚಂಗೆವ್ವ ಹುಡುಗನನ್ನು ಕಟ್ಟಿಕೊಂಡು ಬ್ಯಾಡಗಿಗೆ ಬಂದಿದ್ದಳು. ತಿಂಗಳಿಗೊಮ್ಮೆ ಹಾವೇರಿಯಿಂದ ಗುಳಿಗೆ ತರುತ್ತಿದ್ದಳು. ಶಕ್ತಿಗೆ ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಇಬ್ಬರೂ ಹೋದಾಗ ಉಚ್ಚಂಗೆವ್ವ ಮನೆಯಲ್ಲಿ ಒಬ್ಬಳೇ ಜೋಳ ಹಸನು ಮಾಡುತ್ತಿದ್ದಳು. ಹುಡುಗ ಸಾಲಿಗೆ ಹೋಗಿದ್ದ. ಇಸಾಕಸಾಬರು ನೆಲದ ಮೇಲೇ ಕೂತರು.

"ಬೀಗ ಒಡದಿಲ್ಲ, ಟ್ಯಾಬ್ ಹೋಗಿಲ್ಲ," ಎಂದರು ಮೆಲ್ಲಗೆ. "ಒಯ್ದವರಿಗೆ ಬೇಕಾದ್ದು ಬರೇ ಹಾಳಿ. ಚನ್ನೇಶ ಗೋಡೆಗೆ ಹಚ್ಚತಾರ ಅಂದಾಗ ಕಾವ್ಯಾ ನಕ್ಕಳು. ಆದರ ಅವತ್ತು ಭಾನುವಾರ. ಕಸ ಹೊಡಿಯೋ ದಿನ. ನೀನೂ ಆ ಕೋಣ್ಯಾಗಿದ್ದಿ. ಕೋಣಿ ಕೀಲಿ ಗದಿಗೆವ್ವನ ಕಡೆ, ನಾಗಲಕ್ಷ್ಮಿ ಕಡೆ ಅಂತ ಎಲ್ಲಾರೂ ಎಣಿಸಿದ್ರು. ನಿನ್ನ ಕಡೆ ಇರೋದನ್ನ ಯಾರೂ ಎಣಿಸಲಿಲ್ಲ. ಎಲ್ಲಾ ಮನಿಯವರು ಹೊಸ ಫೋಟೋ ತಂದ್ರು. ನೀನೊಬ್ಬಾಕಿ ಹಳೇದ ತಂದಿ. ಕಳುವಾದ ಹಾಳಿಗೆ ಅಂಟಿದ್ದ ಫೋಟೋ ನಿನ್ನ ಕೈಗೆ ಹೆಂಗ ಬಂತು, ಉಚ್ಚಂಗೆವ್ವ?"

ಮುದುಕಿ ಮೊರ ಕೆಳಗಿಟ್ಟಳು. ಸುಳ್ಳು ಹೇಳಲಿಲ್ಲ. ಎದ್ದು ಟ್ರಂಕು ತೆಗೆದು, ಒಂದು ಪ್ಲಾಸ್ಟಿಕ್ ಚೀಲ ತಂದು ಅವರ ಮುಂದಿಟ್ಟಳು. ಅದರಲ್ಲಿ ಉಳಿದ ಅರವತ್ಮೂರು ಮಕ್ಕಳ ಫೋಟೋಗಳಿದ್ದವು.

"ಮೈಲೇಶನ ಫೋಟೋ ಹಾಳಿ ಗುರ್ತು ಸಿಕ್ತು," ಎಂದಳು. "ಬ್ಯಾನಿ ಬರದ ಹಾಳಿ ಗುರ್ತು ಸಿಗಲಿಲ್ಲ. ಅದರಾಗ ಫೋಟೋ ಇರಲಿಲ್ಲ, ನನಗ ಓದಾಕ ಬರೂದಿಲ್ಲ. ಅದಕ್ಕ ಎಲ್ಲಾ ತಂದೆ. ಬಚ್ಚಲದ ಒಲಿಗೆ ಹಾಕಿದೆ. ಕೂಸುಗಳ ಮಾರಿ ಮಾತ್ರ ಸುಡಾಕ ಆಗಲಿಲ್ಲ."

"ನನಗೊಂದು ಮಾತು ಕೇಳಬಾರದಿತ್ತೇನು ಯವ್ವಾ?" ಎಂದಳು ನಾಗಲಕ್ಷ್ಮಿ.

"ಮತ್ತ ಬರಕೊಳ್ತಾರ ಅನ್ಕೊಂಡೆ. ಸುಮಯ್ಯಾನ ದಿನ ತಪ್ಪತೈತಿ ಅನ್ನೂದು ನನ್ನ ತಲಿಗೆ ಬರಲಿಲ್ಲ. ಆ ಕೂಸಿಗೆ ನೀರು ಹಾಕಿ ತಲಿ ಬಾಚಿದಾಕಿ ನಾನು."

ರಮಜಾನಬಿಗೆ ತಾನೇ ಹೇಳುತ್ತೇನೆಂದು ಆಕೆ ಹೊರಟಳು. ಇಸಾಕಸಾಬರು ಅಂಗಳದಲ್ಲೇ ಉಳಿದರು. ನಾಗಲಕ್ಷ್ಮಿ ಹಿಂದೆ ಹೋಗಿ ಬಾಗಿಲಲ್ಲಿ ನಿಂತಳು. ಉಚ್ಚಂಗೆವ್ವ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿ, ಸುಮಯ್ಯಾಳ ಫೋಟೋವನ್ನು ನೆಲದ ಮೇಲಿಟ್ಟಳು. ರಮಜಾನಬಿ ಅದನ್ನು ಬಹಳ ಹೊತ್ತು ಎತ್ತಿಕೊಳ್ಳಲಿಲ್ಲ. ಅಳಲೂ ಇಲ್ಲ. ಕಡೆಗೆ ಒಂದೇ ಮಾತು ಕೇಳಿದಳು.

"ಮೈಲೇಶಗ ಗುಳಿಗಿ ಬರೋಬರಿ ಕೊಡಾಕತ್ತಿಯಿಲ್ಲೋ?"

ಮುದುಕಿ ಹೌದೆಂದು ತಲೆಯಾಡಿಸಿದಳು.

"ಹೋಗಕ್ಕ. ಇನ್ನ ಈ ಬಾಗಿಲಿಗೆ ಬರಬ್ಯಾಡ."

ಸಂಘಕ್ಕೆ ಇಸಾಕಸಾಬರು ಇಷ್ಟೇ ಹೇಳಿದರು: ನಾಗಲಕ್ಷ್ಮಿಯ ತಪ್ಪಿಲ್ಲ, ಒಯ್ದವರು ಒಪ್ಪಿಕೊಂಡಿದ್ದಾರೆ, ಹೆಸರು ಕೇಳುವ ಹಕ್ಕು ರಮಜಾನಬಿಗೆ ಒಬ್ಬಳಿಗೇ ಇತ್ತು, ಆಕೆಗೆ ಹೇಳಿಯಾಗಿದೆ. ಗದಿಗೆವ್ವ ಮತ್ತೆ ಕೇಳಲಿಲ್ಲ. ನಾಗಲಕ್ಷ್ಮಿ ಕೆಲಸಕ್ಕೆ ಮರಳಿ ಮೈಲೇಶನ ಹಾಳೆಯನ್ನು ಸರಿಯಾಗಿ ಬರೆದು ಡಾಕ್ಟರ್ ಸಹಿ ಮಾಡಿಸಿದಳು. ಅದನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಮುಂದಿನ ಸರದಿಗೆ ಉಳಿದವುಗಳ ಜೊತೆ ತಾನೇ ರಾಣೆಬೆನ್ನೂರಿಗೆ ಒಯ್ದು ಕೊಟ್ಟಳು. ಈ ಸಲ ಅರವತ್ಮೂರು ಅರ್ಜಿ.

ಮರುದಿನ ಅವಳು ಗೋದಾಮಿಗೆ ಹೋದಾಗ ರಮಜಾನಬಿ ಕೆಲಸಕ್ಕೆ ಬಂದಿದ್ದಳು. ಮೂರು ವರ್ಷದಿಂದ ಅವಳೂ ಉಚ್ಚಂಗೆವ್ವನೂ ಒಂದೇ ರಾಶಿಯ ಮುಂದೆ ಕೂರುತ್ತಿದ್ದರಂತೆ. ಇವತ್ತು ರಮಜಾನಬಿ ಗೋಣಿ ಎತ್ತಿಕೊಂಡು ದೂರದ ಬಾಗಿಲ ಹತ್ತಿರ ಹೋಗಿ ಕೂತಳು. ಮುದುಕಿ ತಲೆ ಎತ್ತಲಿಲ್ಲ. ಹೆಂಗಸರ ಕೈಗಳು ನಿಂತವು. ಒಬ್ಬಳು ಕೇಳಿಯೇಬಿಟ್ಟಳು, ಯಾಕ ರಮಜಾನಬಿ, ಇಬ್ಬರ ನಡುವ ಏನಾತು?

ನಾಗಲಕ್ಷ್ಮಿ ರಮಜಾನಬಿಯ ಕಡೆ ತಿರುಗಿದಳು.

"ಏನಿಲ್ಲ," ಎಂದಳು ರಮಜಾನಬಿ, ಸೆರಗನ್ನು ಮೂಗಿಗೆ ಕಟ್ಟಿಕೊಳ್ಳುತ್ತ. "ಅಲ್ಲಿ ಘಾಟು ಭಾಳ. ಇಲ್ಲಿ ಗಾಳಿ ಬರತೈತಿ."