ಅಮರ್ ಡಾಟ್ ಜೆಪಿಜಿ

ಗುರುಲಿಂಗಮ್ಮ ನನ್ನ ಜೊತೆ ಆಡಿದ ಮೊದಲ ಮಾತೇ ಜಗಳದ್ದು. ಅದೂ ಫೋನಿನಲ್ಲಿ.

"ನಿಮ್ಮ ಫೋಟೋ ಭಾರ ಆಗೈತ್ರೀ. ನಾ ತಗೊಳ್ಳಂಗಿಲ್ಲ."

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರಿಗೇ ನನ್ನ ಸ್ಟುಡಿಯೋ. ಈ ಅಮರಗುಂಡಪ್ಪನ ಕೈಯಲ್ಲೇ ಫೋಟೋ ತೆಗೆಸಬೇಕು ಅಂತ ಸಂತೆಕಲ್ಲೂರಿನಿಂದಲೂ ಜನ ಬರುತ್ತಿದ್ದರು. ಜನ್ಮದಲ್ಲಿ ನಗದ ಗೌಡರನ್ನು ಕೂಡ ನಾನು ನಗಿಸಿ ಫ್ರೇಮು ಹಾಕಿಸಿ ಕಳಿಸಿದ್ದೇನೆ. ಅಂಥ ನನ್ನ ಫೋಟೋವನ್ನು ಸಿಂಧನೂರಿನ ಯಾವಳೋ ಹುಡುಗಿ ಬೇಡ ಅನ್ನುವುದೆಂದರೇನು? ಮರುದಿನ ಬೆಳಿಗ್ಗೆ ಸ್ಟುಡಿಯೋಕ್ಕೆ ಬೀಗ ಜಡಿದು, ಜಗಳವಾಡಲೆಂದೇ ಬಸ್ ಹತ್ತಿದೆ.

ಅದು ತೊಂಬತ್ತೊಂಬತ್ತನೇ ಇಸವಿ. ಸಿಂಧನೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿ ಇಟ್ಟು ದಲ್ಲಾಳಿ ವ್ಯಾಪಾರ ಮಾಡುತ್ತಿದ್ದ ವೀರಭದ್ರಪ್ಪನವರು ನಮ್ಮ ಸಮಾಜದ ವಧು-ವರರ ಸಮಿತಿಗೆ ಅಧ್ಯಕ್ಷರಾಗಿದ್ದರು. ಆ ಸಮಿತಿಗೆ ಇಂಟರ್‌ನೆಟ್ಟಿನಲ್ಲಿ ಒಂದು ವೆಬ್‌ಸೈಟ್ ಕಟ್ಟಿಕೊಡುತ್ತೇನೆ ಎಂದು, ರಾಯಚೂರಿನಲ್ಲಿ ಕಂಪ್ಯೂಟರ್ ಓದಿ ಬಂದ ಅವರ ಮಗಳು ಗುರುಲಿಂಗಮ್ಮನೇ ಮುಂದೆ ಬಂದಿದ್ದಳು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರಿನಲ್ಲಿ ಒಂದೊಂದು ಸ್ಟುಡಿಯೋದವರು ತಮ್ಮ ಕಡೆಯ ಹುಡುಗ ಹುಡುಗಿಯರ ವಿವರ ತುಂಬಿ, ಫೋಟೋ ಸ್ಕ್ಯಾನ್ ಮಾಡಿ, ಫೋನ್ ಲೈನಿನ ಮೇಲೆ ಆ ವೆಬ್‌ಸೈಟಿಗೆ ಏರಿಸಬೇಕಿತ್ತು. ಅಪ್‌ಲೋಡ್ ಎಂಬ ಮಾತನ್ನು ನಾನು ಕಲಿತದ್ದೇ ಆಗ.

ಮಸ್ಕಿ ದಾಟಿದ ಮೇಲೆ ಜೋಳದ ಹೊಲ, ಆಮೇಲೆ ಕಾಲುವೆ ನೀರಿನ ನೆಲ್ಲಿನ ಗದ್ದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದೆ. ಅಡತಿ ಅಂಗಡಿಯ ಮೇಲಿನ ಕೋಣೆಯಲ್ಲಿ ಆಕೆ ಕೂತಿದ್ದಳು. ಕೆಳಗಿನಿಂದ ಬರುವ ನೆಲ್ಲಿನ ಧೂಳು ಬೀಳದಿರಲೆಂದು ಕಂಪ್ಯೂಟರಿಗೆ ಹಳೆಯ ಸೀರೆಯ ತುಂಡು ಹೊದಿಸಿದ್ದಳು. ಎಣ್ಣೆ ಹಚ್ಚಿದ ಉದ್ದನೆ ಜಡೆ, ಮೂಗಿನಲ್ಲಿ ಸಣ್ಣ ನತ್ತು. ನಾನು ಯಾರೆಂದು ಹೇಳಿದೆ. ಅವಳು ನನ್ನ ಕಡೆ ಸರಿಯಾಗಿ ನೋಡಲೂ ಇಲ್ಲ. ಹೊದಿಕೆ ಸರಿಸಿ, ನಾನು ಕಳಿಸಿದ್ದ ಫೋಟೋವನ್ನು ಪರದೆಯ ಮೇಲೆ ತೆರೆದಳು.

ಫೋಟೋದ ಹುಡುಗಿಯ ಬೈತಲೆ ಇತ್ತು, ಹಣೆ ಇತ್ತು, ಕಣ್ಣಿದ್ದವು. ಅದರ ಕೆಳಗೆ ಬರೀ ಬೂದಿ ಬಣ್ಣ.

"ಹಣಿ ಬಂತು, ಕಣ್ಣು ಬಂತು, ಅಷ್ಟರಾಗ ನಿಮ್ಮ ಮಸ್ಕಿ ಲೈನ್ ಕಟ್ಟಾತು," ಎಂದಳು. "ಮೂಗಿಲ್ಲದ ಹುಡುಗಿನ್ನ ಯಾರು ಮಾಡ್ಕೋತಾರ್ರೀ?"

ನನಗೆ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ, ತುಟಿ ಕಚ್ಚಿಕೊಂಡಳು. ಆ ತುಟಿ ಕಚ್ಚಿಕೊಂಡದ್ದನ್ನು ನೋಡಿದ ಮೇಲೆ ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳ ಒಂದೂ ನೆನಪಾಗಲಿಲ್ಲ.

ಫೈಲು ದೊಡ್ಡದಾದಷ್ಟೂ ಏರಲು ಹೊತ್ತು ಹಿಡಿಯುತ್ತದೆ, ನಡುವೆ ಲೈನ್ ಹೋಗುತ್ತದೆ ಎಂದು ಹೇಳಿ, ಫೋಟೋವನ್ನು ಹೇಗೆ ಹಗುರ ಮಾಡಬೇಕೆಂದು ತೋರಿಸಿಕೊಟ್ಟಳು. ಇನ್ನು ಮೇಲೆ ಮಿತಿ ಮೀರಿದ್ದನ್ನು ವೆಬ್‌ಸೈಟ್ ಬಾಗಿಲಲ್ಲೇ ತಡೆಯುತ್ತದಂತೆ. ಅಷ್ಟೇ ಅಲ್ಲ, ಒಳಗೆ ಬಿಡುವ ಮೊದಲು ಫೈಲನ್ನು ತೆರೆದು ನೋಡುತ್ತದಂತೆ. ಲಿಂಗಸುಗೂರಿನ ಸ್ಟುಡಿಯೋ ಉಸ್ಮಾನ್‌ಸಾಬ್ ಒಮ್ಮೆ ಅವಸರದಲ್ಲಿ ಯಾರದೋ ಲಗ್ನಪತ್ರಿಕೆಯ ಫೈಲಿಗೆ ಫೋಟೋದ ಹೆಸರು ಕೊಟ್ಟು ಕಳಿಸಿದ್ದನಂತೆ, ಅದು ಬಾಗಿಲು ದಾಟಲಿಲ್ಲ. ಹೆಸರಿಗೆ ಬೆಲೆ ಕೊಡಬಾರದು, ಫೈಲಿನ ಮೊದಲ ಅಕ್ಷರಗಳನ್ನು ಓದಿದರೆ ಒಳಗಿರುವುದು ಫೋಟೋ ಹೌದೋ ಅಲ್ಲವೋ ಗೊತ್ತಾಗುತ್ತದೆ ಎಂದು ವಿವರಿಸಿದಳು. ಇದನ್ನೆಲ್ಲ ಅವಳೇ ಬರೆದದ್ದು. ನಾನು ಬಾಯಿ ತೆರೆದುಕೊಂಡು ಕೇಳಿದೆ. ಮುಖ ನೋಡಿ ಹೊಟ್ಟೆ ಹೊರೆಯುವವನು ನಾನು, ಇಷ್ಟು ಚೆಂದಾಗಿ ಯೋಚನೆ ಮಾಡುವ ಮುಖವನ್ನು ಅವತ್ತಿನ ತನಕ ಕಂಡಿರಲಿಲ್ಲ.

ಚಹಾ ಕುಡಿಯುವಾಗ ಇನ್ನೊಂದು ಸಂಗತಿ ತಿಳಿಯಿತು. ಅಪ್ಪ ಅವಳಿಗೆ ಕರಾರು ಹಾಕಿದ್ದರು. ಈ ವೆಬ್‌ಸೈಟ್ ತಂಟೆಯಿಲ್ಲದೆ ನಡೆದರೆ ಮಗಳು ಸಿಂಧನೂರಿನಲ್ಲೇ ಕಂಪ್ಯೂಟರ್ ಕೆಲಸ ಮುಂದುವರಿಸಬಹುದು. ಸಮಿತಿಯ ಹೆಸರು ಕೆಟ್ಟರೆ ಆ ಕೋಣೆಗೆ ಬೀಗ, ಮೊದಲು ಕೇಳಿಬಂದ ವರನ ಜೊತೆ ಮದುವೆ. ಅವಳು ಇದನ್ನು ಹೇಳುವಾಗ ದನಿ ಏರಿಸಲಿಲ್ಲ. ಕೀಬೋರ್ಡಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಲೇ ಇದ್ದಳು.

ಆಮೇಲೆ ನಾನು ಬೇಕೆಂದೇ ಭಾರದ ಫೋಟೋ ಕಳಿಸತೊಡಗಿದೆ. ಬೈಯುವುದಕ್ಕಾದರೂ ಫೋನ್ ಮಾಡಲಿ ಎಂದು. ಅವಳು ನನಗಿಂತ ಜಾಣೆ. ಫೋನ್ ಮಾಡುವುದು ಬಿಟ್ಟು, ಭಾರದ ಫೋಟೋ ಬಂದರೆ ಪರದೆಯ ಮೇಲೆ ತಾನಾಗಿ ಒಂದು ಸಾಲು ಮೂಡುವಂತೆ ಮಾಡಿದಳು. ಕನ್ನಡ ಮಾತು, ಇಂಗ್ಲಿಷ್ ಅಕ್ಷರ: ಫೋಟೋ ಭಾರ ಆಗೈತಿ, ಹಗುರ ಮಾಡಿ ಕಳಸ್ರಿ. ನಾನು ಛಲ ಬಿಡಲಿಲ್ಲ. ಒಂದು ದಿನ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಮೂಡಿತು. ಉಸ್ಮಾನ್‌ಸಾಬನನ್ನು ಕೇಳಿದೆ, ಅವನಿಗೆ ಅದು ಕಾಣುತ್ತಿರಲಿಲ್ಲ. ನನಗೊಬ್ಬನಿಗೇ ಬರೆದದ್ದು: ಮಸ್ಕಿಯವರು ನಾಟಕ ಬಿಡಬೇಕು.

ಆ ಸಾಲನ್ನು ನೋಡುತ್ತಾ ಎಷ್ಟು ಹೊತ್ತು ಕೂತೆನೋ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿ ಬೇಸತ್ತು ಎದ್ದುಹೋದ.

ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ವೆಬ್‌ಸೈಟಿನಲ್ಲಿ ಏನೋ ಬದಲಾಯಿಸಿದ್ದಾಳೆ, ಪರೀಕ್ಷೆಗೆಂದು ಯಾವುದಾದರೂ ಒಂದು ಫೋಟೋ ಕಳಿಸಬೇಕಂತೆ. ಯಾವುದಾದರೂ ಎಂದಳಲ್ಲ, ನಾನು ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ತೆಗೆಸಿಕೊಂಡಿದ್ದ ನನ್ನದೇ ಫೋಟೋವನ್ನು ಸ್ಕ್ಯಾನ್ ಮಾಡಿ ಕಳಿಸಿದೆ. ಅದು ಮುಟ್ಟಿದ ಮೇಲೆ ಅವಳು ಮತ್ತೆ ಫೋನ್ ಮಾಡಿದಳು.

"ಚಲೋ ಬಂದೈತಿ," ಎಂದಳು.

"ಫೋಟೋನೋ, ನಾನೋ?"

"ಫೋಟೋ ರೀ. ಪರೀಕ್ಷೆ ಮುಗೀತು. ಇದನ್ನ ಅಳಸ್ತೀನಿ."

ಅಳಿಸುತ್ತಾಳೆ ಎಂಬುದು ಗೊತ್ತಿದ್ದೂ ನನಗೆ ಒಂಥರಾ ಆಯಿತು. ಒಂದು ಗಳಿಗೆಯಾದರೂ ಅವಳ ಕಣ್ಣ ಮುಂದೆ ಇದ್ದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮುಂದಿನ ವಾರ ಬಂದ ಫೋನಿನಲ್ಲಿ ಆ ದನಿಯೇ ಇರಲಿಲ್ಲ. ವೀರಭದ್ರಪ್ಪನವರು ಪರದೆಯ ಮುಂದೆ ಕೂತು ಮಗಳಿಗೆ ವರ ನೋಡಿದ್ದರು. ಮುದಗಲ್ಲಿನ ಅಮರೇಗೌಡ, ಕಾಲೇಜಿನಲ್ಲಿ ಮೇಷ್ಟ್ರು, ನೀರಾವರಿ ಹೊಲ. ವಿವರ ಒಪ್ಪಿಗೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹುಡುಗನ ಮುಖ ಒಪ್ಪಿಗೆಯಾಗಿತ್ತು. ಸೋಮವಾರ ಹೆಣ್ಣು ನೋಡಲು ಬರಹೇಳಿಯೂ ಆಗಿತ್ತು. ಆಮೇಲೆ ಗುರುಲಿಂಗಮ್ಮ ಪರದೆ ನೋಡಿದ್ದಾಳೆ. ವಿವರ ಮುದಗಲ್ಲಿನವನದು, ಮುಖ ನನ್ನದು.

"ನನ್ನ ಕೆಲಸದಾಗ ಆಟ ಆಡಿದ್ರಿ," ಎಂದಳು. "ಮಂದಿ ಮನಿ ಹುಡುಗ್ರ ಬಾಳಿನ ಮಾತೈತಿ ಅದು. ನಿಮ್ಮನ್ನ ನಂಬಿದ್ದೆ ನಾ."

ಅಷ್ಟೇ ಹೇಳಿ ಫೋನ್ ಇಟ್ಟುಬಿಟ್ಟಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಆಟ ಆಡಿರಲಿಲ್ಲ ನಾನು. ಉಸ್ಮಾನ್‌ಸಾಬನಿಗೆ ಫೋನ್ ಹಚ್ಚಿದೆ. ಮುದಗಲ್ಲಿನ ಹುಡುಗನ ಫೋಟೋ ಕಳಿಸಿದವನು ಅವನೇ. ಅವನು ಸರಿಯಾದ ಫೋಟೋವನ್ನೇ ಕಳಿಸಿದ್ದ. ಏನಂತ ಹೆಸರು ಕೊಟ್ಟಿದ್ದೆ ಎಂದು ಕೇಳಿದೆ. ಅಮರ್ ಅಂತ, ಎಂದ. ನಾನು ಕಳಿಸಿದ ಫೋಟೋದ ಹೆಸರೂ ಅದೇ.

ಗುರುಗುಂಟದ ಅಮರೇಶ್ವರನ ಮೇಲಿನ ಭಕ್ತಿಗೆ ನಮ್ಮ ಕಡೆ ಮನೆಗೊಬ್ಬ ಅಮರೇಶನೋ, ಅಮರೇಗೌಡನೋ, ಅಮರಯ್ಯನೋ, ನನ್ನಂಥ ಅಮರಗುಂಡಪ್ಪನೋ ಇದ್ದೇ ಇರುತ್ತಾನೆ. ಸ್ಟುಡಿಯೋದವರಾದ ನಾವು ಲಕೋಟೆಯ ಮೇಲೆ ಅಷ್ಟುದ್ದ ಬರೆಯುವುದಿಲ್ಲ. ಎಲ್ಲರನ್ನೂ ಅಮರ್ ಮಾಡಿ ಮುಗಿಸುತ್ತೇವೆ. ಅದೇ ಚಾಳಿ ಕಂಪ್ಯೂಟರಿಗೂ ಬಂದಿತ್ತು.

ಶನಿವಾರ ಬೆಳಿಗ್ಗೆಯೇ ಸಿಂಧನೂರಿಗೆ ಹೋದೆ. ಅವಳು ಕೂರಿ ಎನ್ನಲಿಲ್ಲ. ಬಾಗಿಲಲ್ಲೇ ನಿಂತು ಉಸ್ಮಾನ್‌ಸಾಬ್ ಹೇಳಿದ್ದನ್ನು ಹೇಳಿದೆ. ಅವಳು ಕಂಪ್ಯೂಟರಿನ ಮುಂದೆ ಕೂತಳು. ಒಂದು ಎತ್ತಿನ ಚಿತ್ರ, ಒಂದು ಬಸ್ಸಿನ ಚಿತ್ರ ಹುಡುಕಿದಳು. ಎರಡಕ್ಕೂ ಒಂದೇ ಹೆಸರಿಟ್ಟು, ಮೊದಲು ಎತ್ತನ್ನು, ಆಮೇಲೆ ಬಸ್ಸನ್ನು ವೆಬ್‌ಸೈಟಿಗೆ ಏರಿಸಿದಳು. ಎತ್ತು ಇರಬೇಕಾದ ಕಡೆ ಬಸ್ಸು ಬಂದು ನಿಂತಿತ್ತು.

ಅವಳ ವೆಬ್‌ಸೈಟ್ ಭಾರ ನೋಡುತ್ತಿತ್ತು, ಫೈಲಿನ ಒಳಗನ್ನೂ ನೋಡುತ್ತಿತ್ತು. ಅದೇ ಹೆಸರಿನವನು ಮೊದಲೇ ಬಂದು ಕೂತಿದ್ದಾನೋ ಎಂದು ಮಾತ್ರ ಕೇಳುತ್ತಿರಲಿಲ್ಲ. ಆಮೇಲೆ ಬಂದವನು ಮೊದಲು ಬಂದವನನ್ನು ಅಳಿಸಿ ಕೂರುತ್ತಿದ್ದ.

"ನಿಮ್ಮನ್ನ ಸುಮ್ಮಸುಮ್ನ ಬೈದೆ," ಎಂದಳು. "ತಪ್ಪು ನಂದು."

ಕೆಳಗೆ ವೀರಭದ್ರಪ್ಪನವರ ದನಿ ಕೇಳಿಸುತ್ತಿತ್ತು. ಅವರ ಕರಾರು ನನಗೆ ನೆನಪಿತ್ತು. ತಪ್ಪು ವೆಬ್‌ಸೈಟಿನದು ಎಂದು ತಿಳಿದರೆ ಈ ಕೋಣೆಗೆ ಬೀಗ ಬೀಳುತ್ತದೆ, ಸೋಮವಾರ ಬರುವವನಿಗೆ ಇವಳನ್ನು ಕೊಡುತ್ತಾರೆ. ಮಸ್ಕಿಯ ಹುಡುಗ ಬೇಕೆಂದೇ ಹೀಗೆ ಮಾಡಿದ ಎಂದು ನಾನೇ ಹೋಗಿ ಒಪ್ಪಿಕೊಳ್ಳುತ್ತೇನೆ, ಬೈಸಿಕೊಂಡು ಹೋಗುತ್ತೇನೆ, ನಿನ್ನ ಕೆಲಸ ಉಳಿಯಲಿ ಎಂದೆ.

ಗುರುಲಿಂಗಮ್ಮ ಆಗ ನನ್ನನ್ನು ನೋಡಿದಳು. ಪರದೆಯನ್ನಲ್ಲ, ಕೀಬೋರ್ಡನ್ನಲ್ಲ, ನನ್ನನ್ನು. ಕಣ್ಣು ತುಂಬಿದ್ದವು, ನೋಟ ಮಾತ್ರ ಗಟ್ಟಿಯಾಗಿತ್ತು.

"ನೀವು ಸುಳ್ಳು ಹೇಳಿದ್ರ ನನ್ನ ಹೆಸರು ಉಳೀತೈತಿ. ನಾಳೆ ಮತ್ತೊಬ್ಬ ಅಮರೇಶ ಬರ್ತಾನ. ಯಾರ ಮಗಳಿಗೋ ಯಾರ ಮುಖಾನೋ ತೋರಿಸಿ ಕುಂದ್ರಲೇನು ನಾ?"

ಇಷ್ಟು ದಿನ ನನಗೆ ಅವಳು ಇಷ್ಟವಾಗಿದ್ದಳು. ಆ ಗಳಿಗೆಯಲ್ಲಿ ಅವಳ ಮೇಲೆ ಗೌರವ ಹುಟ್ಟಿತು. ನನಗೆ ಅದರಿಂದ ಬಿಡುಗಡೆ ಇವತ್ತಿಗೂ ಇಲ್ಲ.

ಮಧ್ಯಾಹ್ನದ ತನಕ ಕೂತು ಅದನ್ನು ಸರಿಪಡಿಸಿದಳು. ಇನ್ನು ಮೇಲೆ ಬಂದ ಫೋಟೋ ಯಾವ ಹೆಸರು ಹೊತ್ತು ಬಂದರೂ ವೆಬ್‌ಸೈಟೇ ಅದಕ್ಕೊಂದು ಹೊಸ ನಂಬರ್ ಕೊಟ್ಟು ಕೂರಿಸುತ್ತದೆ, ಒಮ್ಮೆ ಕೊಟ್ಟ ನಂಬರ್ ಇನ್ನೊಂದಕ್ಕೆ ಇಲ್ಲ. ಮತ್ತೆ ಎತ್ತು ಕಳಿಸಿದಳು, ಬಸ್ಸು ಕಳಿಸಿದಳು. ಎರಡೂ ಅಕ್ಕಪಕ್ಕ ನಿಂತವು. ಅವಳ ಮುಖದಲ್ಲಿ ಅಷ್ಟು ದುಗುಡದ ನಡುವೆಯೂ ಒಂದು ಗೆಲುವು ಮೂಡಿ ಹೋಯಿತು. ಕ್ಯಾಮೆರಾ ತರದಿದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಆಮೇಲೆ ಅಪ್ಪನನ್ನು ಮೇಲಕ್ಕೆ ಕರೆದಳು. ನಾನು ಗೋಡೆಗೆ ಒರಗಿ ನಿಂತೆ. ವೀರಭದ್ರಪ್ಪನವರು ಹೆಗಲ ಮೇಲಿನ ಟವೆಲ್ಲಿನಿಂದ ಧೂಳು ಕೊಡವುತ್ತಾ ಬಂದು ಕುರ್ಚಿಯಲ್ಲಿ ಕೂತರು.

"ಅಪ್ಪಾ, ನಮ್ಮ ಅಡತಿಯಾಗ ಚೀಲಕ್ಕ ನಂಬರ್ ಯಾಕ ಹೊಡೀತೀವಿ?" ಎಂದು ಕೇಳಿದಳು.

"ರೈತರ ಹೆಸರು ಒಂದಾ ಇರ್ತಾವಂತ. ಗೊರೇಬಾಳದಾಗ ಅಮರಪ್ಪಗೋಳು ಎಷ್ಟು ಮಂದಿ ಅದಾರ."

"ನಾ ನಂಬರ್ ಹೊಡಿಯೋದು ಮರ್ತಿದ್ದೆ, ಅಪ್ಪಾ. ಒಬ್ಬರ ಮುಖ ಇನ್ನೊಬ್ಬರ ವಿವರಕ್ಕ ಕುಂತಿತ್ತು."

ನಡೆದದ್ದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹೇಳಿದಳು. ನೀವು ಮೆಚ್ಚಿದ ಮುಖ ಮುದಗಲ್ಲಿನವರದಲ್ಲ, ಇವರದು, ಎಂದು ನನ್ನನ್ನು ತೋರಿಸಿದಳು. ವೀರಭದ್ರಪ್ಪನವರು ನನ್ನನ್ನು ನೋಡಿದರು, ಪರದೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಚೀಲಕ್ಕೆ ಕೈ ಹಾಕಿ ಕಾಳು ತೆಗೆದು ನೋಡುವವರ ನೋಟ ಅದು. ವ್ಯಾಪಾರಿ ಮನುಷ್ಯ, ಕೇಳಬೇಕಾದ್ದನ್ನೇ ಕೇಳಿದರು.

"ಪರೀಕ್ಷೆ ಆದ ಮ್ಯಾಲೆ ಅಳಸ್ತೀನಿ ಅಂದಿದ್ದಿ ಅಂತಿ. ಮತ್ತ ಇವನ ಫೋಟೋ ಹೆಂಗ ಉಳೀತು?"

ಇದು ನನಗೂ ಹೊಳೆದಿರಲಿಲ್ಲ. ಅಳಿಸಿದ್ದರೆ ಆ ಜಾಗ ಖಾಲಿ ಇರಬೇಕಿತ್ತು. ಗುರುಲಿಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅಷ್ಟೆಲ್ಲ ಬಾಗಿಲು ಕಾಯುವ ಹುಡುಗಿಗೆ ತನ್ನ ಮುಖದ ಕೆಂಪನ್ನು ತಡೆಯಲಾಗಲಿಲ್ಲ.

"ಅಳಸಾಕ ಮನಸ್ಸು ಬರಲಿಲ್ಲ, ಅಪ್ಪಾ," ಎಂದಳು.

ವೀರಭದ್ರಪ್ಪನವರು ಅವಳನ್ನೇ ನೋಡಿದರು. ಮಗಳು ತಲೆ ತಗ್ಗಿಸಿದ್ದಳು, ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಲಕ್ಷಣ ಮಾತ್ರ ಇರಲಿಲ್ಲ. ಅವರು ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡರು. ತಪ್ಪು ಹಿಡಿದು ಸರಿಮಾಡಿ ನನ್ನ ಮುಂದೆ ಬಂದು ಹೇಳಿದ್ದೀಯ, ನಿನ್ನ ಕೆಲಸ ನಡೆಯಲಿ, ಮುದಗಲ್ಲಿಗೆ ನಾನು ಫೋನ್ ಮಾಡಿ ಕೈಮುಗಿಯುತ್ತೇನೆ ಎಂದರು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು.

"ಮುಖ ನೋಡೀನಿ. ವಿವರ ನೋಡಿಲ್ಲ. ಪೂರಾ ತುಂಬಿ ಹೋಗು."

ಅವರು ಇಳಿದು ಹೋದ ಮೇಲೆ ಅವಳು ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಳು. ಹೆಸರು, ತಂದೆ ತಾಯಿ, ಊರು, ಉದ್ಯೋಗ ಒಂದೊಂದಾಗಿ ಕೇಳುತ್ತಾ ಟೈಪ್ ಮಾಡಿದಳು. ಎತ್ತರವನ್ನು ಕೇಳಲೇ ಇಲ್ಲ, ಓರೆಗಣ್ಣಿನಲ್ಲಿ ಅಳತೆ ತೆಗೆದು ಬರೆದಳು. ಎಂಥ ಹುಡುಗಿ ಬೇಕು ಎಂಬ ಸಾಲು ಬಂದಾಗ ಕೈ ನಿಂತಿತು. ನಾನು ಅವಳ ಹೆಸರು ಹೇಳಿದೆ. ಅವಳು ಅದನ್ನು ಟೈಪ್ ಮಾಡಿದಳು, ತುಸು ನಿಧಾನವಾಗಿ.

ವಿವರವನ್ನು ಅಪ್ಪನಿಗೆ ತೋರಿಸಲೆಂದು ಪ್ರಿಂಟ್ ತೆಗೆದಳು. ಇನ್ನು ಸಬ್ಮಿಟ್ ಒತ್ತುವುದೊಂದೇ ಬಾಕಿ. ಮೌಸಿನ ಬಾಣ ಆ ಬಟನ್ನಿನ ತನಕ ಹೋಗಿ ಅಲ್ಲೇ ನಿಂತಿತು. ಯಾಕೆ, ಲೈನ್ ಇಲ್ಲವೇ ಎಂದು ಕೇಳಿದೆ. ಲೈನ್ ಇದೆ ಎಂದಳು. ಮತ್ತೆ ಬಾಣವನ್ನು ಹಿಂದಕ್ಕೆ ಎಳೆದು, ತುಂಬಿದ್ದ ಪುಟವನ್ನು ಹಾಗೇ ಮುಚ್ಚಿಬಿಟ್ಟಳು.

"ಇದನ್ನ ಮ್ಯಾಲೆ ಏರಿಸಂಗಿಲ್ಲ ನಾ," ಎಂದಳು. "ಮಂದಿ ನೋಡಿ, ಈ ಹುಡುಗ ನಮಗ ಬೇಕು ಅಂತ ಬಂದ್ರ?"