ಯಾರಿಗೆ ಯಾವ ಪುಸ್ತಕ

“ಇನ್ನೂರಾ ಹತ್ತು ಪುಟ ಓದಿದೆ ರೀ. ಒಂದು ಹೆಣಾನೂ ಬೀಳಲಿಲ್ಲ!”

ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಗಂಗಾಶ್ರೀಯ ಗೋಂದಿನ ಬಾಟಲಿ ಅಲುಗಾಡಿತು. ಅವಳು ತಲೆ ಎತ್ತಿದಳು. ಎತ್ತರದ ಆಳು, ಹೆಗಲಲ್ಲಿ ಅಳತೆ ಟೇಪಿನ ಚೀಲ, ಪ್ಯಾಂಟಿನ ಅಂಚಿಗೆ ಗದ್ದೆಯ ಕೆಸರು. ಮುಖದಲ್ಲಿ ಮೋಸಹೋದವನ ಸಿಟ್ಟು.

“ಏನಂತ ತಗೊಂಡಿದ್ರಿ?”

“ಪತ್ತೇದಾರಿ. ಮೇಲೆ ನೀವೇ ಬರ್ದಿದೀರಲ್ಲ, ‘ಮನೆಯಲ್ಲಿ ಯಾರನ್ನೂ ನಂಬದವರಿಗೆ’ ಅಂತ. ಆ ಹುಡುಗಿ ಕಾಫಿ ತಂದ್ರೆ ವಿಷ ಹಾಕಿದಾಳೆ ಅಂದ್ಕಂಡೆ. ಅವನು ಅವಳನ್ನ ಕೆರೆ ಏರಿಗೆ ಕರ್ಕಂಡು ಹೋದ್ರೆ, ಈಗ ತಳ್ತಾನೆ ಅಂದ್ಕಂಡೆ. ಕಡೆಗೆ ನೋಡಿದ್ರೆ ಮದುವೆ ಆದ್ರು ಮಾರಾಯ್ರೇ!”

ಗಂಗಾಶ್ರೀ ತುಟಿ ಕಚ್ಚಿಕೊಂಡಳು. ಆದರೂ ನಗು ತಡೆಯಲಿಲ್ಲ. ಎರಡು ಪುಸ್ತಕಗಳ ಮೇಲಿನ ಚೀಟಿ ಅದಲುಬದಲಾಗಿದ್ದವು. ಇನ್ನೊಂದು ಪುಸ್ತಕ ಎಲ್ಲಿಗೆ ಹೋಗಿದೆ ಎಂದು ನೆನಪಾದಾಗ ನಗು ಇನ್ನೂ ಜೋರಾಯಿತು. ಪ್ರೇಮಕಥೆ ಬೇಕೆಂದು ಕೇಳಿ ಒಯ್ದಿದ್ದವಳು ಅವಳಮ್ಮ ನಿರ್ಮಲಮ್ಮ. ಮೂರು ದಿನದಿಂದ ಆಕೆ ಪಕ್ಕದ ಮನೆಯವರು ಕೊಟ್ಟ ಪಾಯಸವನ್ನೂ ಮೂಸಿ ನೋಡಿ ಬದಿಗಿಡುತ್ತಿದ್ದಳು.

“ತಪ್ಪು ನಂದೇ. ಆದ್ರೆ ಬ್ಯಾಡ ಅನ್ನಿಸಿದ್ರೆ ಅರ್ಧಕ್ಕೇ ಬಿಡಬಹುದಿತ್ತಲ್ಲ. ಕಡೇ ಪುಟದ ಮಟ ಯಾಕೆ ಓದಿದ್ರಿ?”

ಅವನ ಕಿವಿ ಕೆಂಪಾದವು. “ಹೆಣ ಬೀಳ್ತದೇನೋ ಅಂತ,” ಎಂದ, ಪಕ್ಕದ ಕಪಾಟು ನೋಡುತ್ತ.

ಅವನ ಹೆಸರು ಅನೀಶ್. ಸೊರಬದವನು, ಲೈಸೆನ್ಸ್ ಸರ್ವೆಯರ್. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಜಮೀನಿನ ಜಗಳಗಳಿಗೆಲ್ಲ ಅವನ ಟೇಪೇ ಸಾಕ್ಷಿ. ಅಣ್ಣತಮ್ಮಂದಿರು ಬೈದಾಡಿ ಸುಸ್ತಾಗುವವರೆಗೆ ಬದುವಿನ ಮೇಲೆ ಕುಳಿತು ಪುಸ್ತಕ ಓದುವುದು ಅವನ ಅಭ್ಯಾಸ. ಹಾಗಾಗಿ ತಿಂಗಳಿಗೆ ಹತ್ತಾದರೂ ಬೇಕು.

ಗಂಗಾಶ್ರೀಯ ಲೈಬ್ರರಿ ಇರುವುದು ಶಿಕಾರಿಪುರದಲ್ಲಿ, ಅವಳಪ್ಪ ಪರಮಶಿವಪ್ಪನವರ ಬೀಜದ ಅಂಗಡಿಗೆ ತಾಗಿದ ಹಳೆಯ ಗೋಡೌನಿನಲ್ಲಿ. ಅಲ್ಲಿನ ಪದ್ಧತಿಯೇ ಬೇರೆ. ಪ್ರತಿ ಪುಸ್ತಕಕ್ಕೂ ಕಂದು ಕಾಗದ ಸುತ್ತಿರುತ್ತದೆ. ಹೆಸರು ಕಾಣುವುದಿಲ್ಲ, ಚಿತ್ರ ಕಾಣುವುದಿಲ್ಲ. ಮೇಲೊಂದು ಚೀಟಿ. ಅದು ಯಾವ ಬಗೆಯ ಪುಸ್ತಕ, ಯಾರಿಗೆ ಎಂದು ಅವಳೇ ಓದಿ ಬರೆಯುತ್ತಾಳೆ. ‘ಐತಿಹಾಸಿಕ. ತಾಳಗುಂದದಲ್ಲೇ ಹುಟ್ಟಿಯೂ ಅಲ್ಲಿನ ಶಾಸನ ನೋಡದವರಿಗೆ.’ ‘ಪ್ರವಾಸ. ಗಂಡ ಶಿವಮೊಗ್ಗಕ್ಕೂ ಕರೆದೊಯ್ಯದವರಿಗೆ.’ ‘ದೆವ್ವದ ಕಥೆ. ಅತ್ತೆ ಮನೆಯಲ್ಲಿ ಎರಡು ವರ್ಷ ಕಳೆದವರಿಗೆ ಇದರಲ್ಲಿ ಹೆದರುವಂಥದ್ದೇನೂ ಇಲ್ಲ.’

ಕಾಗದ ಯಾಕೆ ಎಂದು ಅನೀಶ್ ಕೇಳಿದ್ದ.

“ಸೊಸೆ ಒಂದು ಕಾದಂಬರಿ ಮನೆಗೆ ಒಯ್ದರೆ ಒಳಗೇನಿದೆ ಅಂತ ಯಾರೂ ಓದಲ್ಲ. ಮೇಲಿನ ಚಿತ್ರ ನೋಡೇ ಅತ್ತೆಯಿಂದ ಹಿಡಿದು ಮನೆ ಮಂದಿಯೆಲ್ಲ ತೀರ್ಪು ಕೊಡ್ತಾರೆ. ಅವರ ಬಾಯಿ ಮುಚ್ಚಾಕೆ ಈ ಕಾಗದ.”

ಓದಿ ಮುಗಿಸಿದವರು ಚೀಟಿಯ ಕೆಳಗೆ ಮುಂದಿನವರಿಗಾಗಿ ಒಂದು ಸಾಲು ಬರೆಯಬೇಕು. ಹಣ ಕಟ್ಟುವುದಕ್ಕಿಂತ ಇದೇ ಕಟ್ಟುನಿಟ್ಟು. ಆ ದಿನ ಅನೀಶ್ ಬರೆದ: ‘ಹೆಣ ಬೀಳುವುದಿಲ್ಲ. ಆದರೂ ಓದಬಹುದು.’

ಆಮೇಲೆ ಪ್ರತಿ ಮಂಗಳವಾರ, ಶುಕ್ರವಾರ ಬರತೊಡಗಿದ. ಬರುವಾಗ ಒಂದು ಜಗಳವನ್ನೂ ತರುತ್ತಿದ್ದ.

“ವಿಜ್ಞಾನದ ಕಾದಂಬರಿಗೆ ಒಂದೇ ಒಂದು ಕಪಾಟು ಯಾಕೆ? ಅದೂ ಮೂಲೆಗೆ?”

“ಮನುಷ್ಯರ ಕಥೆಯೇ ಮುಗಿದಿಲ್ಲ, ಯಂತ್ರದ ಕಥೆ ಯಾರಿಗೆ ಬೇಕ್ರೀ?”

“ಓದಿದೀರಾ?”

“ಇಲ್ಲ.”

“ಓದದೇ ತೀರ್ಪು. ಹಾಗಾದ್ರೆ ನೀವೂ ಅತ್ತೇನೇ.”

ಆ ಮಾತು ಅವಳಿಗೆ ನಾಟಿತು. ಅವನು ಕೊಟ್ಟದ್ದನ್ನು ಎರಡು ದಿನದಲ್ಲಿ ಓದಿದಳು. ಮಂಗಳವಾರ ಅವನು ಬಂದಾಗ ಅವಳ ಕಣ್ಣು ಊದಿತ್ತು. “ಆ ಯಂತ್ರಾನ ಕಡೆಗೆ ಯಾಕೆ ಆಫ್ ಮಾಡಿದ್ರು?” ಎಂದಳು, ಮೂಗು ಒರೆಸಿಕೊಳ್ಳುತ್ತ. ಅವನು ನಗಲಿಲ್ಲ. ಸುಮ್ಮನೆ ನೋಡಿದ. ಆ ನೋಟ ತನ್ನ ಮುಖದಿಂದ ಕೈಗೆ, ಕೈಯಿಂದ ಮತ್ತೆ ಮುಖಕ್ಕೆ ಬಂದದ್ದು ಗಂಗಾಶ್ರೀಗೆ ಗೊತ್ತಾಯಿತು. ಅವಳು ಎರಡು ಸಲ ಒಂದೇ ಪುಸ್ತಕಕ್ಕೆ ಕಾಗದ ಸುತ್ತಿದಳು.

ಅವನು ಚೀಲ ತುಂಬ ಪುಸ್ತಕ ಒಯ್ದು ಕುಬಟೂರು, ಗುಡವಿ ಎಂದು ಹೋದಲ್ಲೆಲ್ಲ ಹಂಚಿ ಬರುತ್ತಿದ್ದ. ಚೀಟಿಯ ಮೇಲೆ ಅವನ ಸಾಲುಗಳು ಉದ್ದವಾಗತೊಡಗಿದವು. ಒಂದು ಪ್ರೇಮಕಥೆಯ ಕೆಳಗೆ ಬರೆದ: ‘ನಾಯಕ ಒಳ್ಳೆಯವನು. ಆದರೆ ನೂರೆಂಬತ್ತು ಪುಟ ಬಾಯಿ ಬಿಡುವುದಿಲ್ಲ.’

ಅವಳು ಅದರ ಕೆಳಗೇ ಬರೆದಳು: ‘ಕೆಲವು ಓದುಗರೂ ಹಾಗೇ ಇರುತ್ತಾರೆ.’

ಅದನ್ನು ಓದಿ ಅನೀಶ್ ಆ ದಿನ ಟೇಪಿನ ಚೀಲ ಮರೆತು ಹೋದ.

ಊರಿನ ಕಣ್ಣಿಗೆ ಮಾತ್ರ ಯಾರೂ ಕಾಗದ ಸುತ್ತಿರಲಿಲ್ಲ. ಲೈಬ್ರರಿಯಿಂದ ಪುಸ್ತಕ ಒಯ್ಯುತ್ತಿದ್ದ, ಬಟ್ಟೆ ಅಂಗಡಿಯ ಶಿವಮೂರ್ತಪ್ಪನವರ ಸೊಸೆ ಕರುಣಾ ಅರ್ಧಕ್ಕೆ ಬಿಟ್ಟಿದ್ದ ಬಿ.ಎಡ್. ಮುಗಿಸುತ್ತೇನೆ ಎಂದು ಊಟಕ್ಕೆ ಕುಳಿತಾಗ ಹೇಳಿಬಿಟ್ಟಳು. ಶಿವಮೂರ್ತಪ್ಪ ಕೈ ತೊಳೆದವರೇ ನೇರ ಬೀಜದ ಅಂಗಡಿಗೆ ಬಂದರು.

“ಪರಮಶಿವಣ್ಣ, ನೀ ಮೆಕ್ಕೆಜೋಳದ ಬೀಜ ಮಾರ್ತಿ. ನಿನ್ನ ಮಗಳು ಬ್ಯಾರೆ ಬೀಜ ಬಿತ್ತಾಕೆ ಹತ್ಯಾಳ. ಇನ್ನೊಂದು ಮಾತು. ಸೊರಬದ ಸರ್ವೆಯರ್ ವಾರಕ್ಕೆ ಎರಡು ಸಲ ಬರಾದು ಜಮೀನು ಅಳೆಯಾಕೋ, ಮತ್ತೇನಕೋ? ಜನಿವಾರದ ಮನಿ ಹುಡುಗ. ನೋಡ್ಕೋ.”

ಪರಮಶಿವಪ್ಪ ಕೆಟ್ಟವರಲ್ಲ. ಆದರೆ ನಾಲ್ಕು ಜನರ ಮಾತಿಗೆ ಹೆದರುವ ಒಳ್ಳೆಯವರು, ಅದು ಕೆಲವೊಮ್ಮೆ ಕೆಟ್ಟವರಿಗಿಂತ ಕಷ್ಟ. ಗುರುವಾರ ಮಗಳನ್ನು ಕರೆದರು. ಭಾನುವಾರ ರಾಣೆಬೆನ್ನೂರಿನಿಂದ ಹೆಣ್ಣು ನೋಡಲು ಬರುತ್ತಾರೆ, ನಮ್ಮ ಪೈಕಿ, ಒಳ್ಳೆ ಮನೆ ಎಂದರು. ಆ ಮನೆಯವರಿಗೆ ಲೈಬ್ರರಿ ಗಿಬ್ರರಿ ಆಗುವುದಿಲ್ಲ, ಶನಿವಾರ ಬೀಗ ಹಾಕುತ್ತೇನೆ ಎಂದೂ ಹೇಳಿದರು.

ಮರುದಿನ ಸೊರಬದ ಬಸ್ಸು ಹತ್ತಲು ನಿಂತಿದ್ದ ಅನೀಶನನ್ನು ಗಂಗಾಶ್ರೀ ಬಸ್ ಸ್ಟ್ಯಾಂಡಿನಲ್ಲೇ ಹಿಡಿದಳು. ಎಲ್ಲವನ್ನೂ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು.

“ನೀವೆಂತ ಹೇಳಿದ್ರಿ?”

“ಏನೂ ಹೇಳಿಲ್ಲ. ಮೊದ್ಲು ನಿಮ್ಮನ್ನ ಕೇಳಾಕೆ ಬಂದೆ.”

ಕಂಡಕ್ಟರ್ ಸೀಟಿ ಊದಿದ. ಅನೀಶ್ ಒಮ್ಮೆ ಬಸ್ಸು ನೋಡಿದ, ಒಮ್ಮೆ ಅವಳನ್ನು.

“ನಂಗೆ ನೀವು ಬೇಕು,” ಎಂದ. “ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅಪ್ಪಯ್ಯಂಗೆ ಹೇಳ್ಲಿಕ್ಕೆ... ಸ್ವಲ್ಪ ದಿನ ಕೊಡಿ. ಸಮಯ ನೋಡಿ ಹೇಳ್ತೆ.”

ಆರು ತಿಂಗಳಿಂದ ಕೇಳಬೇಕೆಂದಿದ್ದ ಮಾತು. ಕೇಳಿದ ಕೂಡಲೇ ಅವಳ ಎದೆ ತುಂಬಿ ಬಂತು. ‘ಆದರೆ’ ಎಂದದ್ದಕ್ಕೆ ಅಷ್ಟೇ ಸಿಟ್ಟೂ ಬಂತು. ಊರವರ ಗಡಿಯನ್ನೆಲ್ಲ ಇಂಚು ಇಂಚು ಅಳೆದು ಹೇಳುವವನು ತನ್ನ ಮನೆಯಲ್ಲಿ ಮೀನ ಮೇಷ ಎಣಿಸುತ್ತಾನೆ!

“ನೀವು ಸಮಯ ನೋಡೋದ್ರೊಳಗೆ ನನ್ನ ಮಕ್ಕಳ ನಾಮಕರಣ ಆಗಿರ್ತದೆ,” ಎಂದಳು. “ಕೇಳ್ರಿ. ಭಾನುವಾರ ಹನ್ನೊಂದಕ್ಕೆ ನಾನೇ ನಿಮ್ಮನೆಗೆ ಬರ್ತೀನಿ. ಗಂಡು ನೋಡಾಕೆ. ಅಷ್ಟರೊಳಗೆ ಮನೇಲಿ ಹೇಳ್ರಿ. ಹೇಳದಿದ್ರೆ ಬಾಗಿಲು ತೆಗೆದೋರಿಗೆ ನಾನೇ ಹೇಳ್ತೀನಿ.”

ಬಸ್ಸು ಹೊರಟಿತು. ಕಿಟಕಿಯಲ್ಲಿ ಅವನ ಬಾಯಿ ತೆರೆದೇ ಇತ್ತು.

ಮನೆಯಲ್ಲಿ ಅದೇ ಮಾತು ಹೇಳಿದಾಗ ಪರಮಶಿವಪ್ಪ ಮೊದಲು ನಕ್ಕರು. ತಮಾಷೆಯಲ್ಲ ಎಂದು ತಿಳಿದ ಮೇಲೆ ಎದ್ದು ನಿಂತರು.

“ಹೆಣ್ಣು ಹುಡುಗಿ ತಾನಾಗೇ ಗಂಡಿನ ಮನಿಗೆ ಹೋಗಾದಾ? ಎಲ್ಲಾದ್ರೂ ಕೇಳಿದಿಯಾ? ಅದೂ ನಮ್ಮ ಪೈಕಿ ಅಲ್ಲದ ಮನಿಗೆ?”

“ಅಪ್ಪಾಜಿ, ನಿಮ್ಮ ಅಂಗಡಿಗೆ ಬರೋ ರೈತ ಬೀಜಾನ ಅಂಗೈ ಮೇಲೆ ಹಾಕ್ಕೊಂಡು ನೋಡದೇ ತಗೊಂತಾನಾ? ಒಂದು ಬೆಳೆಗೇ ಅಷ್ಟು ನೋಡ್ತಾನೆ. ನಂದು ಇಡೀ ಜೀವಮಾನ. ನಾನು ನೋಡಬಾರದಾ?”

“ರಾಣೆಬೆನ್ನೂರಿನೋರಿಗೆ ಏನ್ ಹೇಳ್ಲಿ?”

“ಹುಡುಗಿ ಗಂಡು ನೋಡಾಕೆ ಹೋಗ್ಯಾಳ ಅನ್ರಿ.”

ಪರಮಶಿವಪ್ಪ ಶನಿವಾರ ಬೆಳಿಗ್ಗೆ ಗೋಡೌನಿನ ಶಟರ್ ಎಳೆದು ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಂಡರು. ಗಂಗಾಶ್ರೀ ಅಳಲಿಲ್ಲ. ಓದುಗರ ವಾಟ್ಸಾಪ್ ಗ್ರೂಪಿಗೆ ಬರೆದಳು: ‘ಅಪ್ಪಾಜಿ ಲೈಬ್ರರಿಗೆ ಬೀಗ ಹಾಕಿದ್ದಾರೆ. ನಾನು ನಾಳೆ ಸೊರಬಕ್ಕೆ ಗಂಡು ನೋಡಲು ಹೋಗುತ್ತಿದ್ದೇನೆ. ಕದ್ದು ಹೋಗುತ್ತಿಲ್ಲ. ಆದ್ದರಿಂದ ಎಲ್ಲರಿಗೂ ತಿಳಿಸುತ್ತಿದ್ದೇನೆ.’

ಭಾನುವಾರ ಅವಳು ಚಪ್ಪಲಿ ಮೆಟ್ಟುವಾಗ ನಿರ್ಮಲಮ್ಮ ಒಳ್ಳೆ ಸೀರೆ ಉಟ್ಟು ಬಾಗಿಲಿಗೆ ಬಂದಳು. “ಒಬ್ಬಳೇ ಹೋದ್ರೆ ಏನ್ ಚೆಂದ? ಹಿರಿಯರು ಒಬ್ಬರಾದ್ರೂ ಬ್ಯಾಡ್ವಾ,” ಎಂದಳು. ಒಳಕೋಣೆಯ ಕಡೆ ತಿರುಗಿ, ಗಂಡನಿಗೆ ಕೇಳುವಂತೆ, “ಅನ್ನ ಸಾರು ಮಾಡಿಟ್ಟೀನಿ, ಬಡಿಸ್ಕೊಳ್ರಿ,” ಎಂದಳು. ಮೂವತ್ತು ವರ್ಷದಲ್ಲಿ ಆಕೆ ಆ ಮಾತು ಆಡಿದ್ದು ಅದೇ ಮೊದಲು.

ಶಿರಾಳಕೊಪ್ಪದ ಮೇಲೆ ಬಸ್ಸು ಸೊರಬ ತಲುಪಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಕೋರ್ಟ್ ರಸ್ತೆಯ ಮಹಡಿ ಮನೆ. ಕೆಳಗೆ ಅನೀಶನ ಅಪ್ಪ, ವಕೀಲ ತ್ರ್ಯಂಬಕರ ಆಫೀಸು. ಅವನು ಹೇಳಿದ್ದಾನೋ ಇಲ್ಲವೋ? ಮೆಟ್ಟಿಲು ಹತ್ತುವಾಗ ಗಂಗಾಶ್ರೀ ತಲೆ ತಗ್ಗಿಸಲಿಲ್ಲ.

ಬಾಗಿಲು ತೆಗೆದವಳು ಅನೀಶನ ತಾಯಿ ಸತ್ಯವತಿ. “ಶಿಕಾರಿಪುರದವರು ಅಲ್ದಾ? ಬನ್ನಿ, ಕೂತ್ಕಳಿ. ಅವನು ಬೆಳಿಗ್ಗೆ ಹೇಳಿದ. ಅವಾಗಿಂದ ಇವರು ಮಾತಾಡ್ಲಿಲ್ಲೆ,” ಎಂದಳು ಮೆಲ್ಲಗೆ.

ಹೇಳಿದ್ದ! ಗಂಗಾಶ್ರೀಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ತ್ರ್ಯಂಬಕರು ಪೇಪರಿನ ಹಿಂದೆ ಕುಳಿತಿದ್ದರು. ಸತ್ಯವತಿ ಒಳಗೆ ಹೊರಟಾಗ ಗಂಗಾಶ್ರೀ ತಡೆದಳು. “ನೀವು ಕೂತ್ಕೊಳ್ರಿ ಅಮ್ಮಾ. ಕಾಫಿ ಹುಡುಗ ತರಲಿ. ನೋಡಾಕೆ ಬಂದಿರೋದು ಅವರನ್ನ.”

ಅನೀಶ್ ತಟ್ಟೆ ಹಿಡಿದು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಗ್ಗಿಸಿದ ತಲೆ. ಲೋಟಗಳು ಗಡಗಡ ಸದ್ದು ಮಾಡುತ್ತಿದ್ದವು. ಅವಳ ಮುಂದೆ ಬಗ್ಗಿದಾಗ ರೆಪ್ಪೆ ಎತ್ತಿ ಒಂದು ಕ್ಷಣ ನೋಡಿದ. ಆ ನೋಟದಲ್ಲಿ ಹೆದರಿಕೆಯೂ ಇತ್ತು, ತುಂಟತನವೂ ಇತ್ತು.

“ಹಾಡಾಕೆ ಬರ್ತದಾ?” ಎಂದಳು ಅವಳು.

“ಇಲ್ಲ. ರಂಗೋಲಿ ಹಾಕ್ತೆ. ಗೆರೆ ಸರಿ ಬರ್ತದೆ, ಸರ್ವೆಯರ್ ಅಲ್ದಾ.”

ನಿರ್ಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ತ್ರ್ಯಂಬಕರು ಪೇಪರ್ ಮಡಚಿದರು.

“ಆಯ್ತು ತಮಾಷೆ. ಕೇಳು ತಂಗಿ. ನಿಮ್ಮ ಆಚಾರ ಬೇರೆ, ನಮ್ಮದು ಬೇರೆ. ನಿನ್ನಪ್ಪ ಬರಲಿಲ್ಲ. ನಾನೂ ಒಪ್ಪುದಿಲ್ಲ ಅಂದ್ರೆ?”

“ನಿಮಗೆ ಬೇಜಾರಾಗ್ತದೆ ಅಂತ ಗೊತ್ತು ಸಾರ್. ನಮ್ಮ ಅಪ್ಪಾಜಿಗೂ ಆಗ್ಯದೆ. ಹಂಗಂತ ನಾವಿಬ್ರೂ ಬೇಜಾರು ಮಾಡ್ಕೊಂಡು ಬ್ಯಾರೆಯವರನ್ನ ಮದುವೆಯಾಗಿ ಬದುಕಬೇಕಾ?” ಅವಳು ನೆಟ್ಟಗೆ ಕುಳಿತಳು. “ನಿಮ್ಮ ಆಶೀರ್ವಾದ ಇವತ್ತೇ ಬೇಕು ಅಂತ ಹಟ ಇಲ್ಲ, ಕಾಯ್ತೀನಿ. ಆದ್ರೆ ಕೇಳಾಕೆ ಬಂದಿರೋದು ಅವರನ್ನ.”

ಅನೀಶನ ಕಡೆ ತಿರುಗಿದಳು.

“ನಾನು ಲೈಬ್ರರಿ ಬಿಡಲ್ಲ. ಪುಸ್ತಕ ಓದಬ್ಯಾಡ ಅಂದ್ರೆ ಕೇಳಲ್ಲ. ಸಿಟ್ಟು ಜಾಸ್ತಿ. ನಿಮ್ಮ ಮೇಲೆ ಪ್ರೀತೀನೂ ಅಷ್ಟೇ ಜಾಸ್ತಿ. ನನ್ನ ಮದುವೆ ಆಗ್ತೀರಾ?”

ಅನೀಶ್ ತಟ್ಟೆ ಕೆಳಗಿಟ್ಟ. ಅಪ್ಪನ ಮುಖ ನೋಡಲಿಲ್ಲ.

“ಆಗ್ತೆ,” ಎಂದ. “ಅಪ್ಪಯ್ಯಾ, ನಾನು ಇವರನ್ನೇ ಮದುವೆ ಆಗುದು. ನೀವು ಒಪ್ಪಿದ್ರೆ ಈ ಮನೇಲಿ, ಒಪ್ಪದಿದ್ರೆ ರಿಜಿಸ್ಟರ್ ಆಫೀಸಲ್ಲಿ.”

ಅಷ್ಟು ದೊಡ್ಡ ದನಿ ಅವನಿಗಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸತ್ಯವತಿ ಕಣ್ಣೊರೆಸಿಕೊಂಡಳು. ತ್ರ್ಯಂಬಕರು ಎದ್ದು ಹೋಗಲಿಲ್ಲ. ಒಪ್ಪಿದೆ ಎಂದೂ ಅನ್ನಲಿಲ್ಲ.

ಆಗ ನಿರ್ಮಲಮ್ಮನ ಫೋನು ಹೊಡೆದುಕೊಂಡಿತು. ನೋಡಿ ಮಗಳ ಕೈಗೇ ಕೊಟ್ಟಳು.

“ಗಂಗಾ.” ಪರಮಶಿವಪ್ಪನವರ ದನಿ ಅಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿತ್ತು. “ಹುಡುಗನ್ನ ನೋಡಿದಿಯಾ?”

“ನೋಡಿದೆ ಅಪ್ಪಾಜಿ. ನನಗೆ ಒಪ್ಪಿಗೆ. ಅವರಿಗೂ ಒಪ್ಪಿಗೆ.”

ಆ ಕಡೆ ಹೆಣ್ಮಕ್ಕಳ ಗದ್ದಲ ಕೇಳಿಸಿತು.

“ನಾ ಇನ್ನೂ ಒಪ್ಪಿಲ್ಲ. ಅದು ಬ್ಯಾರೆ ಮಾತು. ರಾಣೆಬೆನ್ನೂರಿನೋರಿಗೆ ಬರಬ್ಯಾಡ್ರಿ ಅಂದೆ. ಇಲ್ಲಿ ನೋಡಿದ್ರೆ ನಿನ್ನ ಲೈಬ್ರರಿ ಮುಂದೆ ಇಪ್ಪತ್ತು ಹೆಣ್ಮಕ್ಕಳು ಕುಂತಾರ. ಶಿವಮೂರ್ತಪ್ಪನ ಸೊಸೆ ಎಲ್ಲರಿಗಿಂತ ಮುಂದೆ ಕುಂತಾಳ. ಬೀಗ ತೆಗಿಯೋಮಟ ಏಳಲ್ಲಂತೆ. ಶಿವಮೂರ್ತಪ್ಪ ಬಂದು ಬೈದ. ನನ್ನ ಅಂಗಡಿ ಮುಂದೆ ಹೆಣ್ಮಕ್ಕಳನ್ನ ಬೈತಾನ ಅಂತ ನನಗೂ ಸಿಟ್ಟು ಬಂತು. ತೆಗೆದುಬಿಟ್ಟೆ. ಒಳಗೆ ನೋಡಿದ್ರೆ ಎಲ್ಲದಕ್ಕೂ ಕಾಗದ ಸುತ್ತೀಯಲ್ಲ. ಯಾರಿಗೆ ಯಾವುದು ಕೊಡ್ಲಿ? ಬೇಗ ಹೇಳು, ನನ್ನ ತಲೆ ತಿಂತಾರ.”

ಗಂಗಾಶ್ರೀಯ ಕಣ್ಣು ತುಂಬಿತು. ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದರಲ್ಲಿ, ತ್ರ್ಯಂಬಕರು ನೋಡುತ್ತಿದ್ದಂತೆಯೇ, ಅನೀಶನ ಕೈ ಹಿಡಿದುಕೊಂಡಳು.

“ನಾ ಹೇಳಿದ್ದು ಕೊಡಬ್ಯಾಡ್ರಿ ಅಪ್ಪಾಜಿ,” ಎಂದಳು. “ಒಬ್ಬೊಬ್ಬರನ್ನೇ ಕರೆದು ಕೇಳ್ರಿ. ಏನು ಬೇಕು ಅಂತ ಅವರೇ ಹೇಳ್ಲಿ.”